ಇಂಟಿ ಪೇರು ಇಲ್ಲದವಳು

ಹಿಂದೂಪುರಕ್ಕೆ ಬಂದ ಹೊಸದರಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ. ಗೀತಾ ಅಂದರೆ ಹೂಂ ಅಂದು, ಮರುಕ್ಷಣವೇ ‘ಇಂಟಿ ಪೇರು?’ ಅನ್ನುತ್ತಿದ್ದರು. ಮನೆತನದ ಹೆಸರು ಎಂದರ್ಥ. ಇಲ್ಲಿ ಅದು ಸ್ವಂತ ಹೆಸರಿಗಿಂತ ಮುಂದೆ ಬರುತ್ತದೆ. ನಮ್ಮ ದೊಡ್ಡಬಳ್ಳಾಪುರದಲ್ಲಿ ಊರಿಗೊಂದಕ್ಷರ, ಅಪ್ಪನಿಗೊಂದಕ್ಷರ ಹಾಕಿಕೊಂಡರೆ ಮುಗಿಯಿತು: ಡಿ.ಎನ್. ಗೀತಾ. ಅಲ್ಲಿಂದ ಇಲ್ಲಿಗೆ ಒಂದೇ ಬಸ್ಸು, ಬೀದಿಯ ಮಾತು ಅರ್ಧ ಕನ್ನಡವೇ. ಆದರೂ ಆ ಎರಡಕ್ಷರ ಗಡಿ ದಾಟಲಿಲ್ಲ.

ಮಗ್ಗದ ಸೀರೆಗಳಿಗೆ ಅಂಚು, ಸೆರಗಿನ ಡಿಸೈನ್ ಬರೆಯುವುದು ನನ್ನ ಕೆಲಸ. ಕೆಲಸ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಇಂಟಿ ಪೇರಿಲ್ಲದ ಒಂಟಿ ಹೆಂಗಸನ್ನು ಮೂರು ಮನೆಯವರು ಬಾಗಿಲಿಂದಲೇ ಕಳಿಸಿದ್ದರು. ನಾಲ್ಕನೆಯದು ನಂಜುಂಡಪ್ಪನವರ ಮನೆ. ಅವರೂ ಅದನ್ನೇ ಕೇಳಿದರು. ಇಲ್ಲವೆಂದೆ. ಅದಿಲ್ಲದ ಮನುಷ್ಯರೂ ಇರುತ್ತಾರಾ ಎಂಬಂತೆ ಹೆಂಡತಿ ರತ್ನಮ್ಮನ ಮುಖ ನೋಡಿದರು. ನನಗೆ ರೋಸಿಹೋಗಿತ್ತು. ನಮ್ಮ ಹಿರಿಯರು ಕಂಬದೂರು ಕಡೆಯವರಂತೆ ಎಂದು ಅಜ್ಜಿ ಯಾವಾಗಲೋ ಹೇಳಿದ್ದು ನೆನಪಾಗಿ, ‘ಕಂಬದೂರು’ ಅಂದುಬಿಟ್ಟೆ.

ಅವರದೂ ಅದೇ ಎಂದು ನನಗೇನು ಗೊತ್ತು? ಕುರ್ಚಿಯಿಂದ ಎದ್ದೇಬಿಟ್ಟರು. ಅವರ ಮುತ್ತಾತ ಮಗ್ಗ ಬಿಚ್ಚಿಕೊಂಡು ಕಂಬದೂರು ಬಿಟ್ಟದ್ದು, ಹೋದಲ್ಲೆಲ್ಲ ಜನ ‘ಕಂಬದೂರೋರು’ ಅಂದದ್ದು, ಅದೇ ಹೆಸರಾಗಿ ನಿಂತದ್ದು, ಈ ಚರಿತ್ರೆಯನ್ನು ಆಮೇಲೆ ವಾರಕ್ಕೆರಡು ಸಲ ಕೇಳಿದೆ. ಆ ಹೆಸರಿನ ಗಣ್ಯರ ಪಟ್ಟಿಯೂ ಅವರಲ್ಲಿತ್ತು. ಒಬ್ಬ ಹರಿಕಥೆ ದಾಸರು, ಒಬ್ಬ ಜಡ್ಜು, ರಾಜ್ಯ ಮಟ್ಟದಲ್ಲಿ ಆಡಿದ ಒಬ್ಬ ವಾಲಿಬಾಲ್ ಆಟಗಾರ. ಒಬ್ಬರನ್ನೂ ಇವರು ಕಂಡವರಲ್ಲ, ಆದರೆ ಎಲ್ಲರೂ ಅಣ್ಣತಮ್ಮಂದಿರು! ತಿಂಗಳೊಳಗೆ ಪಟ್ಟಿಯ ಕೊನೆಗೆ ನನ್ನನ್ನೂ ಸೇರಿಸಿದರು.

ಬಾಯಿ ಮುಚ್ಚಿಕೊಂಡಿದ್ದೆ. ಮೊದಲು ಮನೆ ಬೇಕಿತ್ತು, ಆಮೇಲೆ ಆ ಮನೆಯವರೇ ಬೇಕಾದರು. ಜ್ವರ ಬಂದರೆ ರತ್ನಮ್ಮ ಗಂಜಿ ತರುತ್ತಿದ್ದರು. ಗೌರಿ ಹಬ್ಬಕ್ಕೆ ಮಗಳಿಗೆ ಕೊಡುವಂತೆ ಸೀರೆ ಕೊಟ್ಟರು.

ಅಷ್ಟರಲ್ಲಿ ಕಲ್ಯಾಣದುರ್ಗದಿಂದ ನಂಜುಂಡಪ್ಪನವರ ಅಣ್ಣನ ಮಗ ಮಂಜುನಾಥ ಬಂದುಹೋಗತೊಡಗಿದ. ಲೆಕ್ಕದ ಮೇಷ್ಟ್ರು, ಮಿತ ಮಾತು. ಇಷ್ಟವಾದ. ಒಂದೇ ಇಂಟಿ ಪೇರಿನವರು ಇಲ್ಲಿ ಅಣ್ಣತಂಗಿಯರು, ಮದುವೆ ಕನಸಿನಲ್ಲೂ ಇಲ್ಲ. ಅವನಿಗೆ ನಿಜ ಹೇಳಿದೆ. ಬಿದ್ದುಬಿದ್ದು ನಕ್ಕು, ಚಿಕ್ಕಪ್ಪನಿಗೆ ನೀನೇ ಹೇಳಬೇಕು ಎಂದ. ಹೇಳಿದರೆ ಈ ಮನೆ ಹೋಗುತ್ತದೆ, ಹೇಳದಿದ್ದರೆ ಅವನು. ನಾಲ್ಕು ತಿಂಗಳು ನಾಳೆ ನಾಳೆ ಅಂದೆ.

ರಾಖಿ ಹಬ್ಬದ ಬೆಳಗ್ಗೆ ರತ್ನಮ್ಮ ತಟ್ಟೆಯಲ್ಲಿ ಆರತಿ, ದಾರ ಇಟ್ಟುಕೊಂಡು ಬಂದು ನನ್ನ ಕೈಗೆ ಕೊಟ್ಟು, ಅಣ್ಣನಿಗೆ ಕಟ್ಟು ಎಂದರು. ಮಂಜುನಾಥ ಕೈ ಚಾಚದೆ ಕೂತಿದ್ದ. ತಟ್ಟೆ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ನಂಜುಂಡಪ್ಪನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಸುಳ್ಳು ಹೇಳಿದ್ದು ಹೋಗ್ಲಿ ಕಣಮ್ಮ,’ ಅಂದರು. ‘ನಮ್ಮನೆ ಹುಡುಗಿ ಅಂತ ಊರೆಲ್ಲಾ ಹೇಳ್ಕೊಂಡು ಬಂದ್ಬುಟ್ಟಿದ್ದೀನಿ. ಈಗ ಏನಂತ ಹೇಳ್ಲಿ?’

ಅವತ್ತೇ ಅಪ್ಪನಿಗೆ ಫೋನ್ ಮಾಡಿದೆ.

ಊರಿಂದ ಅಪ್ಪ ಬಂದರು, ಗೋತ್ರ ಬೇರೆಯೆಂದು ಖಾತ್ರಿಯಾಯಿತು, ಮದುವೆಯೂ ಆಯಿತು. ಮದುವೆಯಾದವಳಿಗೆ ಗಂಡನ ಇಂಟಿ ಪೇರು. ಈಗ ನಾನು ಕಾಗದದ ಮೇಲೂ ಕಂಬದೂರು ಗೀತಾ. ಇಷ್ಟಕ್ಕೆ ಅಷ್ಟೆಲ್ಲ ರಾಮಾಯಣ! ಕಲ್ಯಾಣದುರ್ಗದಲ್ಲಿ ನಾನು ಕರ್ನಾಟಕದವಳು, ದೊಡ್ಡಬಳ್ಳಾಪುರಕ್ಕೆ ಹೋದರೆ ಆಂಧ್ರದವಳು. ಅದನ್ನೂ ಸಹಿಸಿಕೊಂಡೇನು.

ಮೊನ್ನೆ ಹಿಂದೂಪುರದ ಮನೆಗೆ ಹೋಗಿದ್ದೆವು, ಬೇರೆ ನೆಂಟರೂ ಬಂದಿದ್ದರು. ಅಭ್ಯಾಸಬಲದಿಂದ ನೆಟ್ಟಗೆ ಅಡುಗೆಮನೆಗೆ ನುಗ್ಗಿ ಈಳಿಗೆಮಣೆ ಎಳೆದುಕೊಂಡೆ. ರತ್ನಮ್ಮ ಮೆಲ್ಲಗೆ ಅದನ್ನು ನನ್ನಿಂದ ತೆಗೆದುಕೊಂಡರು.

‘ಹೊಸ ಸೊಸೆ ಕೈಲಿ ಕೆಲ್ಸ ಮಾಡುಸ್ತಾರೇನಮ್ಮ? ಹೋಗಿ ಆಚೆ ಕೂತ್ಕೋ.’

ಪ್ರೀತಿಯಿಂದಲೇ ಹೇಳಿದರು. ಹೋಗಿ ನೆಂಟರ ಜೊತೆ ಕುಳಿತೆ.