ಪಂಡಿತರ ಜಗಲಿಯಲ್ಲಿ ನಾನು ಹೇಳಿದ ಸಾಕ್ಷಿ

ಪಂಡಿತರ ಎರಡು ಅಂಗೈಯೂ ಕೆಂಪಗಿದ್ದವು. ಹೊಳೆಮತ್ತಿ ಮರದ ಚಕ್ಕೆ ಕುಟ್ಟಿ ಕುಟ್ಟಿ ಹತ್ತಿದ ಬಣ್ಣ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಕುಂದೂರು ಕಡೆ ಎದೆನೋವು ಅಂದರೆ ಜನ ಅವರ ಜಗಲಿಗೇ ಬರುತ್ತಿದ್ದರು. ಚಕ್ಕೆಯನ್ನು ಹಾಲಲ್ಲಿ ಕುದಿಸಿ ಕೊಡೋರು. ನನ್ನ ಓದು ಎರಡನೇ ಕ್ಲಾಸಿಗೇ ನಿಂತಿತ್ತು. ಅವರು ಹೇಳಿದ್ದೇ ನನಗೆ ಪುಸ್ತಕ. ವರ್ಷಗಟ್ಟಲೆ ಮಾಯದ ನನ್ನ ಕಾಲಿನ ಹುಣ್ಣು ಮಾಯಿಸಿದವರು ಅವರೇ. ಅದನ್ನು ಇಲ್ಲ ಅನ್ನುವುದಿಲ್ಲ.

ಮದ್ದಿಗೆ ಕಾಸು ಮುಟ್ಟುತ್ತಿರಲಿಲ್ಲ. "ವಾಸಿಯಾದೋರು ಸೋಮವಾರ ಬಂದು ಜಗಲೀಲಿ ಕೂತು ಹೊಸಬರಿಗೆ ಬಾಯಿಬಿಟ್ಟು ಹೇಳಿ. ಅದೇ ನಂಗೆ ಕಾಣಿಕೆ" ಅನ್ನೋರು.

ನನ್ನ ಗಂಡನಿಗೆ ಎದೆ ಹಿಡಿದಾಗ ಹಾಸನದಲ್ಲಿ ತೋರಿಸಿ ಮಾತ್ರೆ ತಂದಿದ್ದೆವು. ಆಮೇಲೆ ಪಂಡಿತರ ಕಷಾಯ ಶುರುವಾಯಿತು, ಮಾತ್ರೆ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಏರು ಹತ್ತಿ ತೋಟಕ್ಕೆ ಹೋದ. ಅವನಿಗೆ ಮಾತು ಕಮ್ಮಿ. ಕಾಣಿಕೆ ಒಪ್ಪಿಸಲು ನಾನೇ ಕೂತೆ. ಎಷ್ಟು ಸೋಮವಾರವೋ!

"ನಿಜವಾಗ್ಲೂ ಗುಣ ಆಯ್ತಾ ಅಜ್ಜಿ?" ಅಂತ ಯಾರಾದರೂ ಕೇಳಿದರೆ, "ಸುಳ್ಳು ಹೇಳಿ ನಂಗೇನಾಗ್ಬೇಕು ಮಾರಾಯ? ನನ್ ಗಂಡ ಗುದ್ಲಿ ಹಿಡ್ಕಂಡವ್ನೆ, ಹೋಗಿ ನೋಡು" ಅನ್ನುತ್ತಿದ್ದೆ. ಪಂಡಿತರು ಚಕ್ಕೆ ಕುಟ್ಟುತ್ತಾ ನಗೋರು. ಸತ್ತವರು ಯಾರೂ ಜಗಲಿಗೆ ಬಂದು ಕೂರುವುದಿಲ್ಲ ಅಂತ ನನಗೆ ಹೊಳೆಯಲಿಲ್ಲ.

ಆಲೂರಲ್ಲಿದ್ದ ನನ್ನ ತಂಗಿಗೂ ಅದೇ ನೋವು ಬಂತು. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದಳು. "ಅವೆಲ್ಲ ಉಷ್ಣ ಕಣೆ, ಬುಟ್ಬುಡು. ನಿಮ್ ಭಾವನ್ನ ನೋಡು" ಅಂದೆ. ಅಕ್ಕನ ಮಾತು, ಬಿಟ್ಟಳು. ಕಷಾಯವನ್ನು ನಾನೇ ಬಸ್ಸಲ್ಲಿ ಒಯ್ದು ಕುಡಿಸಿದೆ. ತಿಂಗಳು ತುಂಬಲಿಲ್ಲ, ರೊಟ್ಟಿ ತಟ್ಟುತ್ತಾ ಕೂತಲ್ಲೇ ಹೋಗ್ಬುಟ್ಟಳು.

ತಿಥಿ ಮುಗಿಸಿ ಬಂದು ಗಂಡನ ಅಂಗಿ ಒಗೆಯಲು ತೆಗೆದರೆ ಜೇಬಲ್ಲಿ ಮಾತ್ರೆ ಶೀಟು, ಅರ್ಧ ಖಾಲಿ.

"ಇದೇನು?"

ತಲೆ ತಗ್ಗಿಸಿದ. "ಒಂದಿನಾನೂ ಬಿಟ್ಟಿಲ್ಲ ಕಣೆ. ಪಂಡಿತ್ರೇ ಹೇಳಿದ್ರು, ಮಾತ್ರೆ ಬುಡಬ್ಯಾಡ, ಯಾರ್ಗೂ ಹೇಳಬ್ಯಾಡ ಅಂತ."

"ನಂಗೂ?"

"ನಿನ್ ಬಾಯಿ ಗೊತ್ತಲ್ಲ. ನಿನ್ ತಂಗಿಗೆ ಬಿಡ್ಸಿದೀಯ ಅಂತ ನಂಗೇನು ಗೊತ್ತು?"

ಹಾಗೇ ಎದ್ದು ಪಂಡಿತರ ಮನೆಗೆ ಹೋದೆ. "ನನ್ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ ಪಂಡಿತ್ರೇ! ಮಾತ್ರೆ ಬುಟ್ಟು ನನ್ ತಂಗಿ ಹೋದ್ಲು."

ಅವರು ಕುಟ್ಟುವುದು ನಿಲ್ಲಿಸಲಿಲ್ಲ. "ನಿನ್ ಗಂಡಂಗೆ ಮಾತ್ರೆ ಬುಡಬ್ಯಾಡ ಅಂದೋನು ನಾನು. ನಿನ್ ತಂಗಿಗೆ ಬುಡು ಅಂದೋರು ಯಾರವ್ವ?"

ಜಗಲಿ ಇಳಿದು ಬಂದೆ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಹೋದ ವರ್ಷ ಪಂಡಿತರು ಹಾಸಿಗೆ ಹಿಡಿದರು. ನನ್ನ ನೋಡಬೇಕು ಅಂದರಂತೆ, ಅವರ ಸೊಸೆ ಕರೆಸಿದಳು. ಹೋದೆ. ನಾನು ಹಿಡಿದ ಗಂಜಿ ನಾಲ್ಕು ಗುಟುಕು ಕುಡಿದು, "ಕೋಪ ಹೋಯ್ತೇನವ್ವಾ?" ಅಂದರು.

"ಇಲ್ಲ" ಅಂದು ಅವರ ಬಾಯಿ ಒರೆಸಿದೆ.

ಎರಡು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಕೋಪ ಇನ್ನೂ ಐತೆ. ಅದರಲ್ಲಿ ಅವರ ಮೇಲಿನದೆಷ್ಟು, ನನ್ನ ಮೇಲಿನದೆಷ್ಟು ಅಂತ ಬೇರೆ ಮಾಡಲು ನನ್ನಿಂದ ಆಗಿಲ್ಲ.