ಹೋಳಿಗೆ ತಿರುವು

ಹೋಳಿಗೆ ಎಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅದಕ್ಕೆ ಕಾರಣ ಅಪ್ಪನ ಒಂದು ಕಥೆ.

ನಮ್ಮದು ಗಡಿಯಲ್ಲಿರುವ ಸಣ್ಣ ಊರು. ಅಪ್ಪನಿಗೆ ಬಾಲಾನಗರದ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕಿದ್ದರಿಂದ ಹೈದರಾಬಾದಿಗೆ ಬಂದಿದ್ದೆವು. ಹಬ್ಬಕ್ಕೆ ನಾಲ್ಕು ಕನ್ನಡ ಮನೆಯವರು ನಮ್ಮಲ್ಲಿ ಸೇರಿದರೆ ಸಾಕು, ಅಪ್ಪ ಗೋಡೆಯ ಮೇಲಿನ ನಕಾಶೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ರಾಜ್ಯಗಳ ಗಡಿ ಹಾಕುವಾಗ ನಮ್ಮೂರು ಆಂಧ್ರಕ್ಕೆ ಹೋಗುವುದಿತ್ತಂತೆ. ಗಡಿ ನೋಡಲು ಬಂದ ಸಾಹೇಬ ನಮ್ಮ ಮನೆಯಲ್ಲಿ ಹದಿನಾರು ಹೋಳಿಗೆ ಹೊಡೆದು, ನಕಾಶೆ ಬಿಡಿಸಿಕೊಂಡು ಕೂತಲ್ಲೇ ತೂಕಡಿಸಿದನಂತೆ. ಪೆನ್ಸಿಲು ಜಾರಿ ಊರನ್ನು ಸುತ್ತಿಕೊಂಡು ಹೋಗಿ, ಊರು ಕನ್ನಡದ ಕಡೆಗೆ ಉಳಿಯಿತಂತೆ.

"ನೋಡ್ರಿ, ಇದಽ ಹೋಳಿಗಿ ತಿರುವು," ಎಂದು ಅಪ್ಪ ಸೊಟ್ಟ ಗೆರೆಯ ಮೇಲೆ ಬೆರಳಾಡಿಸುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಹೋಳಿಗೆ ಮಾಡಿದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ಕಥೆಯಲ್ಲಿ ಅವಳ ಸುದ್ದಿಯೇ ಇರುತ್ತಿರಲಿಲ್ಲ. ಅವತ್ತು ಅಜ್ಜಿ ಹೊರಗಾಗಿದ್ದಳು, ಒಲೆ ಮುಟ್ಟುವಂತಿರಲಿಲ್ಲ. ಏಳನೆಯ ಕ್ಲಾಸಿನ ಪರೀಕ್ಷೆಗೆ ಹೊರಟಿದ್ದ ಅತ್ತೆಯನ್ನು ಅಜ್ಜ ಬಾಗಿಲಲ್ಲೇ ತಡೆದು, ತಲೆಗೆ ನೀರು ಹಾಕಿಸಿ, ಮಡಿ ಉಡಿಸಿ ಹೂರಣ ರುಬ್ಬಲು ಕೂರಿಸಿದರು. ಊರಿನ ಮುಂದೆ ನಿನ್ನ ಪರೀಕ್ಷೆ ಯಾವ ದೊಡ್ಡದು ಎಂದರಂತೆ. ಮರುವರ್ಷ ಅವಳ ಮದುವೆಯಾಯಿತು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಒಲೆ ಅವಳ ಪಾಲಿಗೆ ಬಂತು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಒಂದು ಯುಗಾದಿಗೆ ವಾರವಿರುವಾಗ, ಅತ್ತೆ ಯಾರಿಗೂ ಹೇಳದೆ ನನ್ನನ್ನು ಕರೆದುಕೊಂಡು ಪಕ್ಕದ ಓಣಿಯ ಬಾಲವಾಡಿಗೆ ಹೋದಳು. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಖಾಲಿಯಿತ್ತು. ತೆಲುಗು, ಹಿಂದಿ ಎರಡನ್ನೂ ಅವಳು ಹರಳು ಹುರಿದಂತೆ ಮಾತಾಡುತ್ತಿದ್ದಳು. ಅಲ್ಲಿಯವರು ಏಳನೆಯದು ಪಾಸಾದ ಕಾಗದ ಕೇಳಿದರು. ಬರುವ ದಾರಿಯಲ್ಲಿ ಅತ್ತೆ ಹಬ್ಬಕ್ಕೆಂದು ಕಡಲೆಬೇಳೆ ಕೊಂಡಳು.

ಯುಗಾದಿಯ ಮಧ್ಯಾಹ್ನ ಅಪ್ಪ ಮತ್ತೆ ನಕಾಶೆಯ ಹತ್ತಿರ ನಿಂತರು. ಒಳಗೆ ಅತ್ತೆ ಬೆವರು ಒರೆಸಿಕೊಳ್ಳುತ್ತ ಹೋಳಿಗೆ ಬೇಯಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಆ ಹೋಳಿಗಿ ಯಾರು ಮಾಡಿದ್ರು ಅನ್ನೋದೂ ಹೇಳ್ರಿ ಅಪ್ಪಾ. ಪರೀಕ್ಷಾ ತಪ್ಪಿಸಿ ಮಾಡ್ಸಿದ್ರಿ. ನಿಮ್ಮ ತಿರುವಿನಾಗ ಅತ್ತಿ ಸಾಲಿ ಹೋತು."

ಅಪ್ಪ ಬಂದವರ ಮುಖ ನೋಡಿದರು. "ಊರು ಉಳೀತಲ್ಲವಾ. ಅಕ್ಕನ ಕೈಯಿಂದಽ ಉಳೀತು ಅಂತೀನಿ. ಸಾಕಾ?"

ಅತ್ತೆ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

"ಸಾಹೇಬ ನಮ್ಮನಿಗೆ ಬರಲೇ ಇಲ್ಲಲ್ಲೋ ತಮ್ಮಾ. ಗಡಿ ಅವ್ರು ಎಲ್ಲೋ ಕಚೇರಿ ಒಳಗಽ ಕುಂತು ಹಾಕಿದ್ರು. ಸಂಜೀತನಕ ದಾರಿ ಕಾಯ್ದು, ಹೋಳಿಗಿ ಎಲ್ಲಾ ನೀವಽ ತಿಂದ್ರಿ. ನೀ ಒಬ್ಬನಽ ಐದು ತಿಂದಿ."

ಯಾರೂ ನಗಲಿಲ್ಲ. ಅಪ್ಪನ ಬೆರಳು ಇನ್ನೂ ಆ ಗೆರೆಯ ಮೇಲೇ ಇತ್ತು. ಅತ್ತೆ ತಟ್ಟೆಯನ್ನು ಅವರ ಮುಂದೆ ಹಿಡಿದು, "ತಗೋ, ಆರಾಕತ್ತಾವ," ಎಂದಳು.

ಅಪ್ಪ ತೆಗೆದುಕೊಂಡರು. ತುಪ್ಪ ಕೇಳಿ ಹಾಕಿಸಿಕೊಂಡು ತಿಂದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.