ಗಂಗಮ್ಮನ ಗುಂಡಿಯ ನೀರು

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಇವತ್ತಿಗೂ ನೀರು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯವರು ಪಾಪ, ದುಬಾರಿ ಫಿಲ್ಟರ್ ಹಾಕಿಸಿದ್ದಾರೆ. ಅದು ಫಿಲ್ಟರಿಗೆ ಹೋಗುವ ವಾಸನೆಯಲ್ಲ ಅಂತ ಅವರಿಗೆ ಹೇಗೆ ಹೇಳಲಿ?

ಹಾಸನದ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ದಂಡಿಗನಹಳ್ಳಿಯಿಂದಾಚೆ ಒಂದು ಕಲ್ಲು ಗಣಿ ಇದೆ. ಅದರ ಸುತ್ತಲಿನ ಕೆರೆ, ಹಳ್ಳ, ಮತ್ತೆ ಗುಡ್ಡದ ಬುಡದ ಒಂದು ಒರತೆಯಿಂದ ತಿಂಗಳಿಗೊಮ್ಮೆ ಬಾಟಲಿಯಲ್ಲಿ ನೀರು ತುಂಬಿ ತರಬೇಕಿತ್ತು. ಒರತೆ ಬತ್ತಿದರೆ ಆ ಕಡೆ ಇನ್ನು ಆಳಕ್ಕೆ ಅಗೆಯುವಂತಿಲ್ಲ ಎಂದು ಗಣಿಗೆ ಷರತ್ತು ಹಾಕಿದ್ದರು. ಹಾಗಾಗಿ ಎಲ್ಲರ ಕಣ್ಣೂ ಆ ಒರತೆಯ ಮೇಲೆ. ನೋಡಿದರೆ ಸುತ್ತ ಚಪ್ಪಡಿ ಕಟ್ಟಿದ, ಮೊಣಕಾಲಾಳದ ಒಂದು ಗುಂಡಿ ಅಷ್ಟೆ. ಊರವರು ಅದನ್ನು ಗಂಗಮ್ಮ ಅನ್ನುತ್ತಿದ್ದರು. ಮದುವೆಗೆ ಗಂಗೆ ತರುತ್ತಿದ್ದುದು ಅಲ್ಲಿಂದಲೇ.

ಅಲ್ಲಿಗೆ ದಾರಿ ಒಬ್ಬ ಅಜ್ಜಿಯ ರಾಗಿ ಹೊಲದ ಮೇಲೆ. ದನ ನುಗ್ಗುತ್ತವೆ ಅಂತ ದಾರಿಗೆ ಮುಳ್ಳು ಎಳೆದಿರುತ್ತಿದ್ದರು, ಅದಕ್ಕೆ ಹಿಂದಿನ ದಿನವೇ ಅವಳ ಸೊಸೆಗೆ ಫೋನ್ ಮಾಡುತ್ತಿದ್ದೆ. ನಾನು ಹೋಗುವಷ್ಟರಲ್ಲಿ ಅಜ್ಜಿ ಗುಂಡಿಯ ಹತ್ತಿರ ಕೂತಿರುತ್ತಿದ್ದಳು.

"ಬಂದ್ಯಾ ಮಗ? ನೋಡು, ಎಂಗ್ ತುಂಬ್ಕಂಡವ್ಳೆ ನಮ್ಮವ್ವ" ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಕೆರೆಯ ತಳ ಕಂಡಿತು. ಹಳ್ಳದಲ್ಲಿ ಮರಳು ಬಿಟ್ಟರೆ ಏನೂ ಉಳಿಯಲಿಲ್ಲ. ಗುಂಡಿ ಮಾತ್ರ ತುಂಬಿಯೇ ಇತ್ತು. ಒರತೆಗೆ ಏನೂ ಆಗಿಲ್ಲವಲ್ಲ ಅಂತ ಗಣಿಯವರು ಇನ್ನಷ್ಟು ಕೆಳಗಿಳಿದರು. ಮದ್ದು ಸಿಡಿದಾಗ ಗುಂಡಿಯ ನೀರು ಗಡಗಡ ನಡುಗುವುದನ್ನು ನಾನೇ ನೋಡಿದ್ದೇನೆ. ಆದರೆ ತಳದಿಂದ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಅದನ್ನು ನೋಡುವಾಗ ಹಾಡಹಗಲಲ್ಲೇ ನನಗೆ ಮೈ ಜುಮ್ಮೆನ್ನುತ್ತಿತ್ತು, ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಾಟಲಿ ಮುಳುಗಿಸಿದೆ, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಕಿಟ್ ತೆಗೆದು ಎರಡು ಹನಿ ಬಿಟ್ಟೆ. ನೀರು ಹಳದಿಗೆ ತಿರುಗಿತು, ಪೌಡರು ಇರುವುದು ಖಾತ್ರಿಯಾಯಿತು. ಪಂಚಾಯ್ತಿ ಟ್ಯಾಂಕಿಗೆ ಹಾಕುವ ಪೌಡರು ಗುಡ್ಡದ ಬುಡದಲ್ಲಿ ಹುಟ್ಟುವ ನೀರಿಗೆ ಎಲ್ಲಿಂದ ಬರಬೇಕು?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಗಣಿಯವರೇ ಟ್ಯಾಂಕರ್ ತಂದು ಸುರಿದಿದ್ದಾರೆ ಅಂದುಕೊಂಡು ಬಾಯಿಗೆ ಬಂದಂತೆ ಬೈದೆ. ಅಜ್ಜಿ ಎಲ್ಲ ಕೇಳಿಸಿಕೊಂಡಳು.

"ಅವ್ರನ್ಯಾಕೆ ಬಯ್ತೀಯ? ಉಯ್ದೋಳು ನಾನು" ಅಂದಳು.

ಹಿಂದಿನ ದೀಪಾವಳಿ ಹೊತ್ತಿಗೇ ಗುಂಡಿ ಬತ್ತಿಹೋಗಿತ್ತಂತೆ. ನಾನು ಬರುವ ದಿನ ಬೆಳಗಾಗುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಮನೆಯ ನಲ್ಲಿಯಿಂದ ಕೊಡಗಳಲ್ಲಿ ನೀರು ಹೊತ್ತು ತಂದು ಸುರಿಯುತ್ತಿದ್ದರಂತೆ. ಟ್ಯಾಂಕಿಗೆ ಪೌಡರು ಬಿದ್ದದ್ದು ಹಿಂದಿನ ದಿನವಷ್ಟೇ, ಅದೂ ಎಷ್ಟೋ ತಿಂಗಳ ಮೇಲೆ.

"ಯಾಕಜ್ಜಿ ಹಿಂಗ್ ಮಾಡ್ದೆ?"

"ಸೀಸೆ ಹಿಡ್ಕಂಡು ಅಷ್ಟು ದೂರದಿಂದ ಬತ್ತೀಯ. ಗಂಗಮ್ಮನ ತಾವ್ಕೆ ಬಂದ ಹೆಣ್ಮಗ್ಳನ್ನ ಬರಿ ಸೀಸೇಲಿ ಕಳ್ಸಕ್ಕಾಯ್ತದಾ? ಊರ್ಗೆ ಒಳ್ಳೇದಲ್ಲ ಕಣವ್ವ."

ಅಲ್ಲೇ ಚಪ್ಪಡಿಯ ಮೇಲೆ ಕೂತೆ. ಸತ್ತವರ ಹೆಸರಲ್ಲಿ ರೇಷನ್ ತಂದ ಹಾಗೆ, ಸತ್ತ ಒರತೆಯ ಹೆಸರಲ್ಲಿ ನಾನು ನೀರು ಒಯ್ಯುತ್ತಿದ್ದೆ. ಅದರ ಆರೋಗ್ಯ ಚೆನ್ನಾಗಿದೆ ಅಂತ ಲ್ಯಾಬಿನವರು ಬರೆದೂ ಕೊಡುತ್ತಿದ್ದರು. ಅಜ್ಜಿಗೆ ಗಣಿಯ ಷರತ್ತನ್ನು ಬಿಡಿಸಿ ಹೇಳಿದೆ. ಗುಂಡಿ ಬತ್ತಿದ್ದು ಗೊತ್ತಾಗಿದ್ದರೆ ಅವತ್ತೇ ಅಗೆತ ನಿಲ್ಲುತ್ತಿತ್ತು ಅಂದೆ. ಅವಳು ಗಣಿಯ ಕಡೆ ನೋಡಿದಳು, ಗುಂಡಿಯ ಕಡೆ ನೋಡಿದಳು.

"ಅಂಗಾರೆ ಅವ್ಳು ಸಾಯ್ತಿದ್ದುದ್ನ ನಾನೇ ಮುಚ್ಚಿಟ್ನಾ ಮಗ?"

ಹಳದಿ ನೀರನ್ನು ಚೆಲ್ಲಿ ಕಿಟ್ ಮುಚ್ಚಿದೆ. "ಮುಂದಿನ ಸಲ ಒಂದು ಹನೀನೂ ಹಾಕ್ಬೇಡ ಅಜ್ಜಿ" ಎಂದಷ್ಟೇ ಹೇಳಿ ಬಂದೆ.

ಮುಂದಿನ ತಿಂಗಳು ಹೋದಾಗ ಗುಂಡಿ ಬರಿದಾಗಿತ್ತು. ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ ಯಾರೋ ಚಿಟಿಕೆ ಅರಿಶಿನ ಕುಂಕುಮ ಇಟ್ಟಿದ್ದರು. ಫೋಟೋ ತೆಗೆದುಕೊಂಡು, ಖಾಲಿ ಬಾಟಲಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡೆ. ಇನ್ನು ಈ ಕಡೆ ಅಗೆಯಲು ಬಿಡುವುದಿಲ್ಲ ಅಂತ ಅಜ್ಜಿಗೆ ಹೇಳಿದೆ.

"ಅಗ್ಯದು ನಿಂತ್ರೆ ತಿರ್ಗಾ ಬತ್ತಾಳಾ?"

ಒಳಗಿನ ಬಂಡೆ ಒಮ್ಮೆ ಸೀಳಿ ನೀರು ಬೇರೆ ದಾರಿ ಹಿಡಿದರೆ ಹಳೆಯ ದಾರಿಗೆ ಬರುವುದು ಬಹಳ ಕಷ್ಟ. ನನಗದು ಗೊತ್ತಿತ್ತು. ನನ್ನ ಮುಖ ನೋಡಿ ಅವಳಿಗೂ ಗೊತ್ತಾಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಳು.

ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಎದ್ದು, ಅಭ್ಯಾಸಬಲದಿಂದ, "ಬರ್ತೀನಿ ಅಜ್ಜಿ" ಅಂದೆ.

ಅಜ್ಜಿ ಥಟ್ಟನೆ ನನ್ನ ಕೈ ಹಿಡಿದುಕೊಂಡಳು.

"ಸಾವಾದ ತಾವ ಬತ್ತೀನಿ ಅನ್ಬಾರ್ದು ಮಗ. ಸುಮ್ಕೆ ಎದ್ದೋಗು."

ನಾನು ಏನೂ ಹೇಳದೆ ಹೊಲದ ದಾರಿ ಹಿಡಿದೆ.